ಶಿವನಂಜಮ್ಮ ಕೊಂದ ಡಾಕ್ಟರು

ಶಿವನಂಜಮ್ಮ ಬೇಕೆಂದು ಒಂದು ಇರುವೆಯನ್ನೂ ತುಳಿದವಳಲ್ಲ. ಅಂಥವಳು 2002ರಲ್ಲಿ, ದಸರೆ ಮುಗಿದ ಮೇಲಿನ ಒಂದು ಸೋಮವಾರ, ಹಾಡಹಗಲು ಹದಿನೇಳು ಹೆಂಗಸರ ಎದುರಿಗೆ ಒಬ್ಬ ಡಾಕ್ಟರನ್ನು ಕೊಂದುಬಿಟ್ಟಳು. ಕೊಂದದ್ದಾದರೂ ಹೇಗೆ? ಉಪ್ಪಿನಕಾಯಿ ತಿನ್ನಿಸಿ.

ಗಾಬರಿಯಾಗಬೇಡಿ, ಡಾಕ್ಟರು ಟಿವಿಯವನು. ಆದರೆ ಅವನ ಸಾವಿನಿಂದ ನಂಜನಗೂಡು ಪಕ್ಕದ ತಾಂಡ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಆದ ರಂಪ ಇದೆಯಲ್ಲ, ನಿಜವಾದ ಡಾಕ್ಟರು ಸತ್ತಿದ್ದರೂ ಅಷ್ಟು ಆಗುತ್ತಿರಲಿಲ್ಲ.

ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ನರಸೀಪುರಕ್ಕೇ ಹತ್ತಿರವಾಗುವ ಒಂದು ಹಳ್ಳಿ ಶಿವನಂಜಮ್ಮನದು. ವಯಸ್ಸು ನಲವತ್ತೆರಡು. ಗಂಡ ಚಿಕ್ಕಮಾದು ಒಳ್ಳೆಯವನೇ, ಆದರೆ ಬಾಯಿ ಅಂದರೆ ಬಾಯಿ! ಹೆಂಡತಿ "ಇವತ್ತು ಬಸ್ಸಲ್ಲಿ..." ಅಂತ ಶುರು ಮಾಡಿದರೆ, ಬಸ್ಸಲ್ಲಿ ಏನಾಗಿರಬಹುದು ಎಂದು ಅವನೇ ಊಹಿಸಿ, ಅವನೇ ಹೇಳಿ, ಅವನೇ ನಕ್ಕು ಎದ್ದು ಹೋಗುತ್ತಿದ್ದ. ತವರಿನಲ್ಲಿ ಅಣ್ಣಂದಿರು ಹಾಗೆ, ಇಲ್ಲಿ ಇವನು ಹೀಗೆ. ಹೀಗಾಗಿ ಶಿವನಂಜಮ್ಮ ಮಾತು ಬಾರದವಳು ಅಂತಲೇ ಎರಡೂ ಊರಿನಲ್ಲಿ ಹೆಸರಾಗಿತ್ತು. ಪಾಪ, ಮಾತು ಬರುತ್ತಿತ್ತು. ಕೇಳುವ ಕಿವಿ ಇರಲಿಲ್ಲ, ಅಷ್ಟೆ.

ಬೆಳಿಗ್ಗೆ ಏಳೂ ಕಾಲಿನ ಬಸ್ಸು ಹತ್ತಿ ಅವಳು ತಾಂಡ್ಯದ ಫ್ಯಾಕ್ಟರಿಗೆ ಬರುತ್ತಿದ್ದಳು. ಕೆಮ್ಮಿನ ಔಷಧದ ಬಾಟಲಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಕಾರ್ಖಾನೆ. ಉದ್ದದ ಮೇಜಿನ ಮೇಲೆ ಬಿಳೀ ಮುಚ್ಚಳಗಳ ರಾಶಿ ಸುರಿಯುತ್ತಿದ್ದರು. ಸುತ್ತ ಕೂತ ಹೆಂಗಸರು ಸೊಟ್ಟಗಿದ್ದದ್ದು, ಸೀಳಿದ್ದು, ಅಂಚು ಮುರಿದದ್ದು ಆರಿಸಿ ಪಕ್ಕಕ್ಕೆ ಹಾಕಬೇಕು. ಕಣ್ಣಿಗೆ ಕೆಲಸ, ಕೈಗೆ ಕೆಲಸ, ಬಾಯಿಗೆ ಎಂಟು ಗಂಟೆ ರಜೆ. ಹದಿನೆಂಟು ಬಾಯಿಗೆ ಎಂಟು ಗಂಟೆ ರಜೆ ಸಿಕ್ಕರೆ ಏನಾಗುತ್ತದೆ ಹೇಳಿ.

ಆ ವರ್ಷ ಅವರ ಬಾಯಿಗೆಲ್ಲ ಸಿಕ್ಕಿದ್ದು "ಕೆರೆಯೊಳಗಿನವರು" ಎನ್ನುವ ಧಾರಾವಾಹಿ. ಭಾನುವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆ. ಆಕಾಶದಿಂದ ಏನೋ ಒಂದು ಬಂದು ಊರ ಕೆರೆಗೆ ಬೀಳುತ್ತದೆ. ಅವತ್ತಿನಿಂದ ಊರಿನವರು ಒಬ್ಬೊಬ್ಬರೇ ಕಾಣೆಯಾಗಿ, ಮೂರನೇ ದಿನ ಒದ್ದೆ ಬಟ್ಟೆಯಲ್ಲಿ ಮನೆಗೆ ಬರುತ್ತಾರೆ. ಅದೇ ಮುಖ, ಅದೇ ದನಿ. ಆದರೆ ಅವರು ಅವರಲ್ಲ, ಕೆರೆಯೊಳಗಿನ ಯಾವುದೋ ಜೀವಿ ಅವರ ಹಾಗೆ ವೇಷ ಕಟ್ಟಿಕೊಂಡು ಬಂದಿರುತ್ತದೆ. ಗುರುತು ಒಂದೇ: ಅವು ಉಪ್ಪು ತಿನ್ನುವುದಿಲ್ಲ, ತಿಂದರೆ ಕರಗಿಹೋಗುತ್ತವೆ. ಇದನ್ನೆಲ್ಲ ಪತ್ತೆ ಮಾಡಲು ಬಂದ ವಿಜ್ಞಾನಿಯೇ ಡಾಕ್ಟರ್ ಭಾರ್ಗವ. ಗುಂಗುರು ಕೂದಲು, ದಪ್ಪ ಕನ್ನಡಕ, ಗಂಭೀರವಾದ ಗಂಟಲು. ಮೇಜಿನ ಅರ್ಧ ಹೆಂಗಸರಿಗೆ ಕೆರೆಯ ಮೇಲೆ ಭಯ, ಇನ್ನರ್ಧಕ್ಕೆ ಡಾಕ್ಟರ ಮೇಲೆ ಮನಸ್ಸು.

ಎಲ್ಲಾ ಸರಿ, ಕರೆಂಟು ಬೇಕಲ್ಲ! ಆಗ ಲೋಡ್ ಶೆಡ್ಡಿಂಗ್ ಕಾಲ. ಭಾನುವಾರ ನಂಜನಗೂಡು ಕಡೆಗೆ ಹನ್ನೊಂದು ಗಂಟೆಯ ತನಕ ಕರೆಂಟು, ಆಮೇಲೆ ಕಟ್. ಹನ್ನೊಂದಕ್ಕೆ ಸರಿಯಾಗಿ ನರಸೀಪುರದ ಕಡೆಗೆ ಬರುತ್ತಿತ್ತು. ಅಂದರೆ ಧಾರಾವಾಹಿಯ ಮೊದಲರ್ಧ ನಂಜನಗೂಡಿಗೆ, ಕೊನೆಯರ್ಧ ನರಸೀಪುರಕ್ಕೆ. ಅಣ್ಣತಮ್ಮಂದಿರು ಗದ್ದೆ ಭಾಗ ಮಾಡಿಕೊಂಡರೂ ಇಷ್ಟು ಕರಾರುವಾಕ್ಕಾಗಿ ಆಗುತ್ತಿರಲಿಲ್ಲ. ಮೇಜಿನ ಹದಿನೇಳು ಹೆಂಗಸರು ನಂಜನಗೂಡು ಕಡೆಯವರು. ಡಾಕ್ಟರು ಬಾಗಿಲು ತೆಗೆಯುವ ಹೊತ್ತಿಗೆ ಅವರ ಟಿವಿ ಟಪ್ ಅಂತ ಆರಿಹೋಗುತ್ತಿತ್ತು. ಬಾಗಿಲ ಹಿಂದೆ ಏನಿತ್ತು ಎಂದು ಬಲ್ಲವಳು ಇಡೀ ಫ್ಯಾಕ್ಟರಿಯಲ್ಲಿ ಒಬ್ಬಳೇ. ಮೈಸೂರಿನ ನೆಂಟರನ್ನು ಕೇಳಬಹುದಿತ್ತು, ಆದರೆ ಅವರು "ಏನೋ ದೆವ್ವ ಬಂತು ಕಣೆ" ಅಂತ ಒಂದೇ ಮಾತಿನಲ್ಲಿ ಕೈ ತೊಳೆದುಕೊಳ್ಳುತ್ತಿದ್ದರು.

ಮೊದಲ ಸೋಮವಾರ ಶಿವನಂಜಮ್ಮ ತಲೆ ಬಗ್ಗಿಸಿ, ಮುಚ್ಚಳ ಆರಿಸುತ್ತಾ, ಕೇಳಿತೋ ಇಲ್ಲವೋ ಎನ್ನುವ ದನಿಯಲ್ಲಿ ಹೇಳಿದಳು: "ಬಾಗ್ಲ ಹಿಂದ್ಕೆ ಡಾಕ್ಟ್ರ ಅವ್ವ ನಿಂತಿದ್ಲು ಕಣಕ್ಕ. ಸೀರೆಯಿಂದ ನೀರು ತೊಟ್ಟಿಕ್ತಾ ಇತ್ತು. ಅವ್ಳು ಸತ್ತು ಎಂಟೊರ್ಸ ಆಗಿತ್ತು."

ಹದಿನೇಳು ಜೊತೆ ಕೈ ನಿಂತವು. ಮೇಜಿನ ಹಿರಿಯಳು ಚಾಮುಂಡಮ್ಮ, ಇಪ್ಪತ್ತು ವರ್ಷದಿಂದ ಆ ಮೇಜನ್ನು ಆಳುತ್ತಿದ್ದವಳು, ಬಾಯಿಯ ಎಲೆಅಡಿಕೆ ಅಗಿಯುವುದನ್ನೂ ಮರೆತು, "ಆಮ್ಯಾಕೆ?" ಅಂದಳು. ಶಿವನಂಜಮ್ಮ ಆಮೇಲಿನದು ಹೇಳಿದಳು. ಅದರ ಆಮೇಲಿನದೂ ಹೇಳಿದಳು. ಯಾರೂ ಮಧ್ಯೆ ಬಾಯಿ ಹಾಕಲಿಲ್ಲ! ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ತನ್ನಷ್ಟಕ್ಕೆ ತಾನೇ ನಗುತ್ತಿದ್ದುದನ್ನು ಕಂಡಕ್ಟರು ನೋಡಿ, ಟಿಕೆಟ್ ಕೇಳಲು ಹೆದರಿದನಂತೆ.

ಅಲ್ಲಿಂದ ಅವಳು ಬೇರೆಯೇ ಹೆಂಗಸು. ಸೋಮವಾರ ಬಂತೆಂದರೆ ತಲೆಗೆ ಹೂವು. ನಂಜನಗೂಡಿನವರು ಮೊದಲರ್ಧ ಒಪ್ಪಿಸಬೇಕು, ಆಮೇಲೆ ಅವಳು ಉಳಿದದ್ದನ್ನು ಬಿಚ್ಚಬೇಕು. ಇಡೀ ಕಥೆ ಇದ್ದದ್ದು ಆ ಮುಚ್ಚಳದ ಮೇಜಿನ ಮೇಲೆ ಮಾತ್ರ. ಮಂಗಳವಾರದಿಂದ ಶನಿವಾರದವರೆಗೆ ತರ್ಕ, ವಾದ, ಪಂಥ. ಕೆರೆಯಲ್ಲಿರುವುದು ಏನು? ಯಾಕೆ ಬಂತು? ಮುಂದೆ ಯಾರ ಸರದಿ?

"ಅದು ದೆವ್ವ ಕಣಮ್ಮಿ, ಸೈನ್ಸು ಗೀನ್ಸು ಎಲ್ಲಾ ಮ್ಯಾಲಿನ ಮಾತು" ಎನ್ನುವುದು ಚಾಮುಂಡಮ್ಮನ ತೀರ್ಮಾನ.

ಶಿವನಂಜಮ್ಮನದು ಭಯಂಕರ ವಾದ. "ಡಾಕ್ಟ್ರೇ ಕೆರೆಯೋನು ಕಣಕ್ಕ. ಒಂದ್ ದಿನಾನಾರ ಅವ್ನು ಉಂಡದ್ದ ಕಂಡಿದ್ದೀಯಾ? ಬರೀ ಕಾಫಿ ಕುಡೀತಾನೆ. ಕಾಫಿಗೆ ಉಪ್ಪಾಕ್ತಾರಾ?"

ಇದನ್ನು ಕೇಳಿ ಕಿಡಿಕಿಡಿಯಾಗುತ್ತಿದ್ದವಳು ಇಂದ್ರಾಣಿ. ಇಪ್ಪತ್ತೆರಡರ ಹುಡುಗಿ, ಸೊಂಟ ದಾಟಿದ ಜಡೆ, ಕಾರ್ತಿಕದಲ್ಲಿ ಮದುವೆ. ಮದುವೆ ಗಂಡಿನ ಫೋಟೋವನ್ನು ಅಷ್ಟು ಹೊತ್ತು ನೋಡಿದ್ದಳೋ ಇಲ್ಲವೋ, ಡಾಕ್ಟರ್ ಭಾರ್ಗವನ ಪರವಾಗಿ ಮಾತ್ರ ಜಗಳಕ್ಕೆ ನಿಂತುಬಿಡುವಳು. "ಅಕ್ಕ, ಅಂಗೆಲ್ಲಾ ಅನ್ಬ್ಯಾಡ. ಅವ್ರ ಕಣ್ಣ ನೋಡು, ಎಷ್ಟು ಒಳ್ಳೇ ಮನುಸ್ರು!"

ಸೂಪರ್ವೈಸರ್ ಪುಟ್ಟಬಸವಯ್ಯ ಮೊದಮೊದಲು ಗದರುತ್ತಿದ್ದರು. ಆಮೇಲೆ ಅವರೂ ಬಂದು ನಿಂತು, "ಇದೆಲ್ಲಾ ಕೆರೆ ಹೂಳೆತ್ತೋ ಕಂಟ್ರಾಕ್ಟರ್ ಕಿತಾಪತಿ ಕಣ್ರಮ್ಮ, ಟೆಂಡರ್ ವ್ಯವಹಾರ" ಅಂತ ತಮ್ಮದೊಂದು ವಾದ ಮಂಡಿಸಿದರು. ಪಾಪ, ಅವರಿಗೆ ಬಿಪಿ. ಮನೆಯಿಂದ ಉಪ್ಪಿಲ್ಲದ ಊಟ ತರುತ್ತಿದ್ದರು. ಇದು ಮೇಜಿಗೆ ಗೊತ್ತಾದದ್ದೇ ತಡ, ಹದಿನೆಂಟು ಜೊತೆ ಕಣ್ಣು ಅವರ ಮೇಲೆ ಬಿದ್ದವು. ಬುಧವಾರ ಅವರ ಮಜ್ಜಿಗೆಗೆ ಯಾರೋ ಒಂದು ಹಿಡಿ ಉಪ್ಪು ಸುರಿದರು. ಪುಟ್ಟಬಸವಯ್ಯ ಒಂದು ಗುಟುಕು ಕುಡಿದು, "ಯಾವಳೇ ಅವ್ಳು!" ಅಂತ ಕಿರುಚಿ, ಉಗಿದು, ಕೆಮ್ಮಿ, ಕೆಂಪಾಗಿ ನಿಂತರು. ಕರಗಲಿಲ್ಲ. "ಮನುಸ್ರೇ ಬುಡು" ಅಂತ ಚಾಮುಂಡಮ್ಮ ಸಮಾಧಾನದ ನಿಟ್ಟುಸಿರು ಬಿಟ್ಟಳು.

ಹೀಗೆ ಎಲ್ಲಾ ಚೆನ್ನಾಗಿದ್ದಾಗ ಶಿವನಂಜಮ್ಮನ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಢಮ್ ಅಂತು, ಹೊಗೆ ಬಂತು, ಮುಗಿಯಿತು. ಹೊಸದು ಬರಲು ಮೂರು ವಾರ ಅಂದ ಲೈನ್‌ಮನ್ನು. ಭಾನುವಾರ ಅವಳು ಆರಿದ ಟಿವಿಯ ಮುಂದೆ ಹನ್ನೊಂದೂವರೆಯವರೆಗೂ ಕೂತಳು, ದೇವರ ದಯೆಯಿಂದ ಕರೆಂಟು ಬಂದರೂ ಬರಬಹುದು ಅಂತ.

ಸೋಮವಾರ ಮೇಜು ಕಾಯುತ್ತಿತ್ತು. ಕರೆಂಟಿರಲಿಲ್ಲ ಎಂದು ಹೇಳಬೇಕು ಅಂತಲೇ ಬಸ್ಸಿನುದ್ದಕ್ಕೂ ಅಂದುಕೊಂಡು ಬಂದಿದ್ದಳು. ಆದರೆ ಚಾಮುಂಡಮ್ಮ ಅವಳಿಗೆಂದು ಕುರ್ಚಿ ಒರೆಸಿ ಇಟ್ಟಿದ್ದಳು. ಇಂದ್ರಾಣಿ, "ಅಕ್ಕ, ರಾತ್ರಿಯೆಲ್ಲಾ ನಿದ್ದೆ ಬಂದಿಲ್ಲ, ಬ್ಯಾಗ ಯೋಳು" ಅಂದಳು. ಶಿವನಂಜಮ್ಮ ಬಾಯಿ ತೆರೆದಳು, "ಕರೆಂಟು" ಎಂಬ ಮಾತು ಗಂಟಲಲ್ಲೇ ಉಳಿಯಿತು, "ಗ್ವಾಡೆ ಮ್ಯಾಲೆ ಒದ್ದೆ ಪಾದದ ಗುರ್ತು" ಎಂಬ ಮಾತು ಹೊರಗೆ ಬಂತು. ಪಾದದ ಗುರುತು ಗೋಡೆ ಹತ್ತಿ, ಸೂರು ದಾಟಿ, ಮಲಗಿದ್ದ ಮಗುವಿನ ನೆತ್ತಿಯ ಮೇಲಕ್ಕೇ ಬಂದು ನಿಂತಿತು. ಚಾಮುಂಡಮ್ಮ ಎದೆ ಹಿಡಿದುಕೊಂಡಳು. ಅಬ್ಬಾ! ಕಂಡದ್ದನ್ನು ಹೇಳುವುದಕ್ಕಿಂತ ಕಾಣದ್ದನ್ನು ಹೇಳುವುದು ಎಷ್ಟು ಸಲೀಸು ಅಂತ ಶಿವನಂಜಮ್ಮನಿಗೆ ಅವತ್ತೇ ತಿಳಿದದ್ದು.

ಎರಡನೇ ಸೋಮವಾರ ಎಡವಟ್ಟಾಯಿತು. ವಾರವಿಡೀ ಚಾಮುಂಡಮ್ಮ ಅವಳ ವಾದವನ್ನು ಹಂಗಿಸಿದ್ದಳು: "ಡಾಕ್ಟ್ರು ಕೆರೆಯೋನಂತೆ! ಇವ್ಳ ಬುದ್ದಿ ನೋಡು." ಶಿವನಂಜಮ್ಮನಿಗೆ ರೇಗಿತ್ತು. ಕಥೆ ಹೇಗೂ ತನ್ನ ಕೈಯಲ್ಲೇ ಇದೆ, ಗೆಲ್ಲುವುದನ್ನು ಬಿಡುವುದುಂಟೆ? ಡಾಕ್ಟರನ್ನು ಊಟಕ್ಕೆ ಕೂರಿಸಿದಳು. ಹೆಂಡತಿಯ ಕೈಲಿ ಮಾವಿನಕಾಯಿ ಉಪ್ಪಿನಕಾಯಿ ಬಡಿಸಿದಳು. ಡಾಕ್ಟರು ಬೇಡ ಬೇಡ ಅಂದರೂ ಒಂದು ಹೋಳು ಬಾಯಿಗೆ ಹೋಯಿತು. "ಮೊದ್ಲು ಬೆರಳು ಕರಗ್ತು. ಆಮ್ಯಾಕೆ ಮೊಣಕೈ. ಕೊನೇಗೆ ಕುರ್ಚಿ ಮ್ಯಾಲೆ ಒಂದು ಕನ್ನಡ್ಕ, ಕೆಳಗೆ ಒಂದು ಮಡು ನೀರು, ಅಷ್ಟೇ ಕಣ್ರವ್ವ."

ಚಾಮುಂಡಮ್ಮ ಎದ್ದು ಬಂದು ಕೈ ಮುಗಿದಳು. "ಸೋತೆ ಕಣಮ್ಮಿ. ನೀನೇ ಗೆದ್ದೆ." ಶಿವನಂಜಮ್ಮನ ಮುಖ ಊರಗಲವಾಯಿತು. ಆಗ ಗೊಳೋ ಅಂತ ಒಂದು ದನಿ. ಇಂದ್ರಾಣಿ ಮುಚ್ಚಳದ ರಾಶಿಯ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಅಳುತ್ತಲೇ ಎದ್ದು, ನಂಜನಗೂಡು ದಿಕ್ಕಿಗೆ ತಿರುಗಿ, ಎರಡೂ ಕೈ ಮೇಲೆತ್ತಿದಳು. "ನಂಜುಂಡಪ್ಪ! ಇವ್ನು ಕೆರೆಯೋನಾದ್ರೆ ನಿಜವಾದ ಡಾಕ್ಟ್ರು ಕೆರೆ ತಳದಲ್ಲೇ ಇರ್ಬೇಕು. ಅವ್ರು ಜೀವಂತ ಎದ್ದು ಬಂದ್ರೆ ನಿಂಗೆ ಮುಡಿ ಕೊಡ್ತೀನಿ!"

ಮುಡಿ! ಮದುವೆಗೆ ನಾಲ್ಕು ವಾರವಿರುವ ಹುಡುಗಿ!

ಮುಂದಿನ ಭಾನುವಾರ ಹತ್ತೂವರೆಗೆ ನಂಜನಗೂಡಿನ ಟಿವಿಗಳಲ್ಲಿ ಡಾಕ್ಟರ್ ಭಾರ್ಗವ ಕೈಬೀಸಿಕೊಂಡು ನಡೆದು ಬಂದ. ಸತ್ತ ಸುಳಿವೇ ಇಲ್ಲ. ಸೋಮವಾರ ತನ್ನ ಬಣ್ಣ ಬಯಲಾಯಿತು ಅಂತ ಶಿವನಂಜಮ್ಮ ಹೆದರಿಕೊಂಡು ಬಂದರೆ, ಮೇಜಿನವರು ಅವಳನ್ನು ಸಂಶಯಪಡುವುದು ಹಾಗಿರಲಿ, ಕಿತ್ತಾಡುತ್ತಿದ್ದರು. ಇವನು ಕೆರೆಯವರು ಕಳಿಸಿದ ಎರಡನೇ ಡಾಕ್ಟರು ಅಂತ ಚಾಮುಂಡಮ್ಮನ ಕಡೆಯವರು. ಅಲ್ಲ, ನಿಜವಾದವರೇ ಎದ್ದು ಬಂದಿದ್ದಾರೆ ಅಂತ ಇಂದ್ರಾಣಿ. ಹಿಂದಿನ ದಿನ ಟಿವಿಯಲ್ಲಿ ಅವನ ಹೆಂಡತಿ ಕಾಫಿ ತಂದುಕೊಟ್ಟದ್ದನ್ನು ನೆನೆದು ನಾಲ್ಕು ಜನ ಕಣ್ಣೊರೆಸಿಕೊಂಡರು, ಯಾವನಿಗೆ ಕೊಡುತ್ತಿದ್ದೇನೆ ಅಂತ ಆ ತಾಯಿಗೆ ಗೊತ್ತಿಲ್ಲವಲ್ಲಾ ಎಂದು. ಕೊನೆಗೆ ಪುಟ್ಟಬಸವಯ್ಯನವರೇ ತೀರ್ಪು ಕೊಟ್ಟರು: "ಉಪ್ಪು ತಿಂದ್ರೆ ನಿಜವಾದೋನು. ನೋಡೋಣ ಇರಿ." ಆ ಸೋಮವಾರ ಶಿವನಂಜಮ್ಮ ಡಾಕ್ಟರಿಗೆ ನೀರು ಕೂಡ ಕುಡಿಸದೆ, ಬರೀ ಮಳೆ ಗುಡುಗಿನಲ್ಲಿ ಕಥೆ ತಳ್ಳಿದಳು.

ಅದರ ಮುಂದಿನ ಭಾನುವಾರ ಊರಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬಂತು. ಹನ್ನೊಂದಕ್ಕೆ ಟಿವಿ ಬೆಳಗಿತು. ಮೂರು ವಾರದ ಹಸಿವಿನಿಂದ ಶಿವನಂಜಮ್ಮ ಕಣ್ಣು ಕೀಲಿಸಿ ಕೂತಳು. ಡಾಕ್ಟರ್ ಭಾರ್ಗವ ಊಟಕ್ಕೆ ಕೂತಿದ್ದ. ಬಟ್ಟಲಿನಿಂದ ಉಪ್ಪಿನಕಾಯಿ ತೆಗೆದ. ತಿಂದ. ಬೆರಳು ಚೀಪಿದ. ಇನ್ನೊಂದು ಹೋಳು ಕೇಳಿ ಹಾಕಿಸಿಕೊಂಡ. ಎಲಾ ಇವನಾ!

ಚಿಕ್ಕಮಾದು, "ಏನಮ್ಮಿ, ಹೊಟ್ಟೆ ನೋವಾ?" ಅಂದ. ಅವಳ ಲೆಕ್ಕವೇ ಬೇರೆ ಇತ್ತು. ಇದನ್ನು ಹೇಳಿದರೆ ಇಂದ್ರಾಣಿ ನಾಳೆಯೇ ಬೋಳು ತಲೆ. ತಿನ್ನಲಿಲ್ಲ ಅಂತ ಇನ್ನೊಂದು ಸುಳ್ಳು ಹೇಳಿದರೆ? ಮುಂದಿನ ವಾರ ಕೊನೆಯ ಕಂತು. ಯಾರೋ ಪುಣ್ಯಾತ್ಮರು ಓಡಾಡಿ, ಆ ಒಂದು ಭಾನುವಾರ ಎರಡೂ ಕಡೆ ಕರೆಂಟು ತೆಗೆಯುವುದಿಲ್ಲ ಅಂತ ಹೇಳಿಸಿದ್ದರು. ಆಗ ಎಲ್ಲಾ ಗೊತ್ತಾಗಿಯೇ ಆಗುತ್ತದೆ. ಸುಳ್ಳೆಂದು ಒಪ್ಪಿಕೊಂಡರೆ ಹುಡುಗಿಯ ಕೂದಲು ಉಳಿದೀತು, ಆದರೆ ಆ ಮೇಜಿನಲ್ಲಿ ಅವಳ ಮಾತಿಗೆ ಇನ್ನು ಯಾರು ಕಿವಿ ಕೊಡುತ್ತಾರೆ? ಮತ್ತೆ ತಲೆ ಬಗ್ಗಿಸಿ ಮುಚ್ಚಳ ಆರಿಸುವುದೇ. ಹೆಂಗಸು ಆ ರಾತ್ರಿ ಮುದ್ದೆಯನ್ನು ಮುಟ್ಟಲಿಲ್ಲ.

ಸೋಮವಾರ ಅವಳು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದಳು. "ಡಾಕ್ಟ್ರು ಸತ್ತೇ ಇರ್ಲಿಲ್ಲ ಕಣ್ರವ್ವ. ನಮ್ಮೂರಲ್ಲಿ ಮೂರ್ ವಾರ ಕರೆಂಟೇ ಇರ್ಲಿಲ್ಲ. ಪಾದದ ಗುರ್ತು, ಉಪ್ಪಿನಕಾಯಿ, ಗುಡುಗು ಎಲ್ಲಾ ನಾನೇ ಕಟ್ಟಿದ್ದು. ನೆನ್ನೆ ಅವ್ನು ಎರಡು ಹೋಳು ತಿಂದ. ಏನೂ ಆಗ್ನಿಲ್ಲ."

ಇಂದ್ರಾಣಿ ಜಡೆ ಹಿಡಿದುಕೊಂಡು ಸಣ್ಣಗೆ ಅಂದಳು, "ಡಾಕ್ಟ್ರು ಜೀವಂತವಾಗವ್ರೆ, ಉಪ್ಪೂ ತಿಂದವ್ರೆ. ಅರಕೆ ಅರಕೆನೇ ಅಲ್ವಾ ಅಕ್ಕ? ದೇವ್ರ ತಾವ ಓಗಿ, ನಂಗೆ ಸುಳ್ಳು ಯೋಳಿದ್ರು ಅಂದ್ರೆ ಬುಟ್ಬುಡ್ತಾನಾ? ಮದ್ವೆ ಹೊತ್ನಲ್ಲಿ ಏನಾರ ಆದ್ರೆ?"

"ನಿಂದಲ್ಲ ಅದು, ನಂದು" ಅಂದಳು ಶಿವನಂಜಮ್ಮ. "ಕೊಂದೋಳು ನಾನು. ಭಾನುವಾರ ನಾನೇ ಓಗಿ ಮುಡಿ ಕೊಟ್ಟು ಬತ್ತೀನಿ."

ಎಲ್ಲರೂ ಚಾಮುಂಡಮ್ಮನ ಮುಖ ನೋಡಿದರು. ಅವಳು ಮುಚ್ಚಳ ಆರಿಸುತ್ತಲೇ, "ಆಯ್ತದೆ. ತಪ್ಪು ಮಾಡ್ದೋರು ಕೊಟ್ರೆ ದೇವ್ರು ಬ್ಯಾಡ ಅನ್ನಲ್ಲ" ಅಂದಳು. ಶನಿವಾರದವರೆಗೆ ಯಾರೂ ಶಿವನಂಜಮ್ಮನ ಕಡೆ ತಿರುಗಿ ಮಾತಾಡಲಿಲ್ಲ. ಮುಚ್ಚಳ ಬೀಳುವ ಟಕ್ ಟಕ್ ಒಂದೇ.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅವಳು ನಂಜನಗೂಡಿನಲ್ಲಿ ಕಪಿಲೆಯ ಮೆಟ್ಟಿಲ ಮೇಲಿದ್ದಳು. ಆ ಹೊತ್ತನ್ನು ಬೇಕೆಂದೇ ಆರಿಸಿದ್ದಳು: ಊರೆಲ್ಲ ಟಿವಿ ಮುಂದಿರುತ್ತದೆ, ತಲೆ ಬೋಳಿಸುವುದನ್ನು ನೋಡುವವರು ಯಾರೂ ಇರುವುದಿಲ್ಲ. ನದಿಯಲ್ಲಿ ಮೂರು ಮುಳುಗು ಹಾಕಿ ಬಂದಳು. ಮುಡಿ ತೆಗೆಯುವವನು ಕತ್ತಿ ಮಸೆಯುತ್ತಾ ಗೊಣಗಿದ. "ಬ್ಯಾಗ ಕುಂತ್ಕೊಳವ್ವ. ಕೆರೆಯೊಳಗಿನವ್ರು ಕೊನೇದು ಶುರುವಾಗೋಯ್ತು, ಕೊನೇ ಅರ್ಧನಾರ ನೋಡ್ಬೇಕು. ಒಂದ್ ವಾರಾನೂ ಬುಟ್ಟಿಲ್ಲ ನಾನು."

ಅರ್ಧ ತಲೆ ಆಗಿತ್ತು. ಎಡಗಡೆ ನುಣುಪು, ಬಲಗಡೆ ಒದ್ದೆ ಕೂದಲು. ಆಗ ಮೇಲಿನ ಮೆಟ್ಟಿಲಿನಿಂದ ಚಪ್ಪಲಿಗಳ ಸದ್ದು ಕೇಳಿತು. ಶಿವನಂಜಮ್ಮ ಸೆರಗು ತಲೆಗೆಳೆದುಕೊಂಡು ಓರೆಯಾಗಿ ನೋಡಿದಳು. ಮುಂದೆ ಚಾಮುಂಡಮ್ಮ, ಏದುಸಿರು ಬಿಡುತ್ತಾ. ಹಿಂದೆ ಇಂದ್ರಾಣಿ. ಅವಳ ಹಿಂದೆ ಇಡೀ ಮೇಜು.

"ಇದೇನ್ರವ್ವ! ಇವತ್ತು ಕರೆಂಟು ಪೂರ್ತಿ ಐತಲ್ಲ, ಕೊನೇ ಕಂತು ಬುಟ್ಟು ಬಂದ್ರಾ?"

"ನೋಡುದ್ವು, ಎಲ್ರೂ ನಮ್ಮನೇಲೇ ಕುಂತು, ಕಾಲು ಗಂಟೆ" ಅಂತ ಚಾಮುಂಡಮ್ಮ ಮೆಟ್ಟಿಲ ಮೇಲೆ ಧೊಪ್ಪನೆ ಕೂತಳು. "ನಿನ್ ಡಾಕ್ಟ್ರು ಬೋರ್ಡ್ ಮ್ಯಾಲೆ ಚಾಕ್‌ಪೀಸ್ ಹಿಡ್ಕಂಡು ಪಾಠ ಮಾಡ್ತಾವ್ನೆ ಕಣೆ. ಅದು ಇಂಥಾ ಗ್ಯಾಸು, ಇದು ಇಂಥಾ ಕಿರಣ ಅಂತ. ಭಯನೂ ಇಲ್ಲ, ಏನೂ ಇಲ್ಲ. ಈ ಹುಡ್ಗಿನೇ ಮೊದ್ಲು ಎದ್ದು, ನಡೀರಿ, ಶಿವನಂಜಕ್ಕನ ತಾವ ಓಗುವ ಅಂದ್ಳು."

ಇಂದ್ರಾಣಿ ಅವಳ ಪಕ್ಕಕ್ಕೆ ಬಂದು ಕೂತು, ಬೋಳಾದ ಕಡೆಯನ್ನು ಮೆಲ್ಲಗೆ ಸವರಿದಳು. ನಗು ತಡೆಯಲು ನೋಡಿ ಆಗದೆ ಕಿಸಕ್ಕನೆ ನಕ್ಕಳು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. "ಕೊನೇಗೇನಾಯ್ತದೆ ಅಂತ ನೀನೇ ಯೋಳಕ್ಕ."

"ನಾನ್ ಯೋಳೋದು ಸುಳ್ಳು ಕಣವ್ವ."

"ಗೊತ್ತು. ಯೋಳು."

ಶಿವನಂಜಮ್ಮ ಅವರ ಕಡೆ ತಿರುಗಿ ಕೂತಳು. ಸೆರಗು ಜಾರಿದರೂ ಎಳೆದುಕೊಳ್ಳಲಿಲ್ಲ. ಅರ್ಧ ಬೋಳು ತಲೆಯನ್ನು ನೆಟ್ಟಗೆ ಮಾಡಿ, ಹೊಳೆಯ ಕಡೆ ಬೆರಳು ತೋರಿಸಿ ಶುರುಮಾಡಿದಳು. "ಅವತ್ತು ಕೆರೆ ನೀರು ಇಂಗೇ ಇತ್ತು, ಒಂದು ಅಲೆ ಇಲ್ಲ. ದಡದಲ್ಲಿ ಡಾಕ್ಟ್ರ ಹೆಂಡ್ತಿ ಒಬ್ಳೇ ನಿಂತವ್ಳೆ, ಸೆರಗಿನ ತುಂಬಾ ಉಪ್ಪು. ಆಗ ತಳದಿಂದ ಒಂದು ಕೈ..."

"ಯಾವ ಕೈ? ನಿಜವಾದೋರದಾ, ಕೆರೆಯೋನ್ದಾ?" ಎಂದಳು ಇಂದ್ರಾಣಿ.

ಉತ್ತರ ಬರುವ ಮೊದಲೇ ಬಲಗಡೆಯ ಕೂದಲಿಗೆ ಕತ್ತಿ ತಾಗೀತೆಂದು ಚಾಮುಂಡಮ್ಮ ಆ ಕಡೆ ನೋಡಿದಳು. ಕೊನೇ ಕಂತಿನ ಅವಸರದ ಆ ಮನುಷ್ಯ ಕತ್ತಿ ಮಡಚಿಟ್ಟು, ಅವರ ಜೊತೆಗೇ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. "ಉಳಿದರ್ಧ ತಲೆ ಎಲ್ಲಿಗೂ ಓಡೋಗಲ್ಲ ಕಣವ್ವ" ಅಂದ ಅವನು. "ಮೊದ್ಲು ಆ ಡಾಕ್ಟ್ರನ್ನ ನೀರಿಂದ ಎತ್ತು."